ಮೆಷಿನ್ ಮಾರಿದ ಮೇಲೆ

ನಾನು ನನ್ನ ಮೆಷಿನ್ ಮಾರಿದ್ದೆ. ವಿನಯಾ ಅದನ್ನು ನಾನು ಬದಲಾಯಿಸಿದೆ ಎಂದು ತಿಳಿದುಕೊಂಡಳು. ಅವಳು ತಪ್ಪು ತಿಳಿದುಕೊಂಡದ್ದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು — ಗೊತ್ತಾಗಿಯೂ ತಿದ್ದಲಿಲ್ಲ. ತಿದ್ದಲಿಕ್ಕೆ ಒಂದು ಮಾತು ಸಾಕಿತ್ತು. ಆ ಒಂದು ಮಾತು ಆಡದೆ ಎರಡು ವರ್ಷ ಅವಳಿಗೆ ಧೈರ್ಯ ಹೇಳುತ್ತಾ ಬಂದೆ.

ನಾನು ಸದಾಶಿವ. ಕಾಸರಗೋಡಿನವನು, ತಿರುವನಂತಪುರದಲ್ಲಿ ಸರಕಾರದ ಒಂದು ಇಲಾಖೆಯಲ್ಲಿ ಕಾನೂನು ಅಧಿಕಾರಿ. ಮನೆ ಶ್ರೀಕಾರ್ಯಂನಲ್ಲಿ. ನನಗೆ ಸ್ಲೀಪ್ ಆಪ್ನಿಯಾ ಇದೆ — ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುತ್ತದೆ, ಮತ್ತೆ ಹೊರಡುತ್ತದೆ, ಮತ್ತೆ ನಿಲ್ಲುತ್ತದೆ. ಮಲಗಿದವನಿಗೆ ಇದೇನೂ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ಗೊರಕೆ ಮಾತ್ರ ಕೇಳಿಸುತ್ತದೆ. ಬೆಳಿಗ್ಗೆ ಎದ್ದರೆ ರಾತ್ರಿಯಿಡೀ ಕಲ್ಲು ಹೊತ್ತ ಹಾಗೆ ಮೈಕೈ ನೋವು. ಮೀಟಿಂಗಿನಲ್ಲಿ ಮೇಲಿನವರ ಎದುರೇ ತೂಕಡಿಕೆ. ಇದಕ್ಕೆ ಮದ್ದು ಎಂದರೆ ಸಿಪ್ಯಾಪ್ ಎಂಬ ಮೆಷಿನ್. ಮುಖಕ್ಕೆ ಮಾಸ್ಕ್ ಹಾಕಿ ಮಲಗಬೇಕು, ಅದು ಕೊಳವೆಯಲ್ಲಿ ಗಾಳಿ ಒತ್ತಿ ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ದಿನಾಲೂ, ಬದುಕಿರುವವರೆಗೆ.

ಕೇರಳದಲ್ಲಿರುವ ನಮ್ಮಂಥ ಕೆಲವು ಕನ್ನಡದವರದ್ದು ಒಂದು ವಾಟ್ಸಾಪ್ ಗುಂಪು ಉಂಟು. ಹೆಸರು ‘ಗೊರಕೆ ಬಳಗ’. ಶುರು ಮಾಡಿದವರು ಕಾಮತರು, ಮಟ್ಟಾಂಚೇರಿಯ ಒಂದು ಮೆಣಸಿನ ವ್ಯಾಪಾರದ ಕಚೇರಿಯಲ್ಲಿ ಮ್ಯಾನೇಜರು. ಮೊದಮೊದಲು ಮಾಸ್ಕ್ ಹಾಕಿದರೆ ನನಗೆ ಯಾರೋ ತಲೆದಿಂಬು ಒತ್ತಿ ಹಿಡಿದ ಹಾಗೆ ಆಗುತ್ತಿತ್ತು, ಕಿತ್ತೆಸೆಯುತ್ತಿದ್ದೆ. ಕಾಮತರು ಬಿಡಲಿಲ್ಲ. ಹಗಲು ಪೇಪರ್ ಓದುವಾಗ ಹಾಕಿಕೊಳ್ಳಿ, ಪಟ್ಟಿ ಬಿಗಿ ಮಾಡಬೇಡಿ, ಸಡಿಲ ಮಾಡಿ — ಎಂದು ದಿನಾ ಫೋನು. ಅವರ ದಯೆಯಿಂದ ಅಭ್ಯಾಸವಾಯಿತು. ಒಂದು ವರ್ಷ ಚಂದ ಮಾಡಿ ನಿದ್ದೆ ಮಾಡಿದೆ. ಮಧ್ಯಾಹ್ನದ ತೂಕಡಿಕೆ ಹೋಯಿತು. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು — ಪೂರ್ತಿ ಹೋಗಿತ್ತು.

ಹಾಗೆ ನಾನೂ ಗುಂಪಿನಲ್ಲಿ ಒಬ್ಬ ಪಂಡಿತನಾದೆ. ಹೊಸಬರು ಬಂದರೆ ಕಾಮತರು ನನ್ನ ಕಡೆ ತಳ್ಳುತ್ತಿದ್ದರು. ಮೂಗಿನ ಮೇಲೆ ಗಾಯವೇ? ಬಾಯಿ ಒಣಗುತ್ತದೆಯೇ? ಕೊಳವೆಯಲ್ಲಿ ನೀರು ನಿಲ್ಲುತ್ತದೆಯೇ? ಸದಾಶಿವರನ್ನು ಕೇಳಿ. ನಮ್ಮೂರ ಕಡೆ ಎದುರು ಸಿಕ್ಕವರನ್ನು ‘ಊಟ ಆಯ್ತಾ’ ಎಂದು ಕೇಳುವ ಹಾಗೆ ಗುಂಪಿನಲ್ಲಿ ಬೆಳಿಗ್ಗೆ ‘ನಿದ್ದೆ ಆಯ್ತಾ’ ಎಂದು ಕೇಳುವುದು ಪದ್ಧತಿ. ‘ಆಯ್ತು’ ಎಂದು ಬರೆದರೆ ಮುಗಿಯಿತು. ಮೆಷಿನ್ನಿನ ಪರದೆಯ ಫೋಟೋ ಹಾಕಿ ಎಂದು ಯಾರೂ ಕೇಳುವುದಿಲ್ಲ. ಪರಸ್ಪರ ನಂಬುವುದೇ ಅಲ್ಲಿಯ ಕ್ರಮ.

ವಿನಯಾ ಕಾಮತರ ಕಚೇರಿಯವಳು, ಅವಳಿಗೂ ಇದೇ ತೊಂದರೆ, ಗುಂಪಿಗೆ ಸೇರಿಸಿದ್ದು ಅವರೇ. ತಾಯಿ ಕುಂಬಳೆಯ ಕಡೆಯವರು, ಆದರೆ ಇವಳು ಹುಟ್ಟಿ ಬೆಳೆದದ್ದೆಲ್ಲ ಕೊಚ್ಚಿ. ಕನ್ನಡ ಅರ್ಥವಾಗುತ್ತದೆ, ಓದಲಿಕ್ಕೆ ಬರುವುದಿಲ್ಲ, ಮಾತಾಡಿದರೆ ಅರ್ಧ ಮಲಯಾಳ. ಗಂಡ, ಮೀನು ಎಂದು ಕರೆಯುವ ಒಬ್ಬಳು ಮಗಳು, ವೈಟ್ಟಿಲದಲ್ಲಿ ಮನೆ. ಗಂಡನ ಕಡೆಯ ಒಂದು ಮದುವೆಯಲ್ಲಿ ಹೆಂಗಸರೆಲ್ಲ ಹಾಲಿನಲ್ಲಿ ಸಾಲಾಗಿ ಮಲಗಿದ್ದಾಗ ಯಾರೋ ಇವಳ ಗೊರಕೆಯನ್ನು ರೆಕಾರ್ಡ್ ಮಾಡಿ ಮಾರನೆಯ ದಿನ ಎಲ್ಲರಿಗೂ ಕೇಳಿಸಿದ್ದರಂತೆ. ಹೆಂಗಸರು ಗೊರಕೆ ಹೊಡೆಯುವುದೆಂದರೆ ಜನಕ್ಕೆ ಅದೊಂದು ತಮಾಷೆ. ಅವಳು ಅದನ್ನು ಮೊದಲು ಹೇಳಿದ್ದು ನನಗೆ. ನನ್ನನ್ನು ‘ಸದಾಶಿವೇಟ್ಟಾ’ ಎಂದು ಕರೆಯುತ್ತಿದ್ದಳು — ಮಲಯಾಳದಲ್ಲಿ ಅಣ್ಣನನ್ನು ಕರೆಯುವ ಹಾಗೆ. ನನಗೆ ಅದು ಇಷ್ಟವಾಗುತ್ತಿತ್ತು. ಇಲ್ಲವೆಂದು ಹೇಳುವುದಿಲ್ಲ.

ಮೆಷಿನ್ ಯಾಕೆ ಮಾರಿದೆ? ಕಾರಣ ಹುಡುಕಿ ನೋಡಿದ್ದೇನೆ, ಮರ್ಯಾದೆಯದ್ದು ಒಂದೂ ಸಿಕ್ಕಿಲ್ಲ. ಒಮ್ಮೆ ಕೋರ್ಟಿನ ಕೆಲಸಕ್ಕೆ ಕೊಚ್ಚಿಗೆ ಹೋಗುವಾಗ ಮೆಷಿನ್ ಒಯ್ಯಲಿಕ್ಕೆ ಉದಾಸೀನವಾಯಿತು. ಅದಿಲ್ಲದೆಯೂ ನಿದ್ದೆ ಬಂತು. ಮನೆಗೆ ಬಂದ ಮೇಲೆ ಇವತ್ತೊಂದು ದಿನ ಬೇಡ, ನಾಳೆ ನೋಡುವಾ — ಹೀಗೆ. ಸೊಂಡಿಲು ಕಟ್ಟಿಕೊಂಡು ಮಲಗುವ ಗಂಡಸಾಗಿ ಕನ್ನಡಿಯಲ್ಲಿ ನನ್ನನ್ನು ನೋಡಿ ಅಸಹ್ಯ ಆಗಿತ್ತು ಎನ್ನುವುದೂ ನಿಜ. ತೂಕ ಸ್ವಲ್ಪ ಇಳಿದಿತ್ತು, ಗುಣವಾಗಿದೆ ಎಂದು ನನಗೆ ನಾನೇ ಸರ್ಟಿಫಿಕೇಟ್ ಕೊಟ್ಟುಕೊಂಡೆ. ಡಾಕ್ಟರನ್ನು ಕೇಳಲಿಲ್ಲ. ಕಪಾಟಿನ ಮೇಲೆ ಧೂಳು ತಿನ್ನುತ್ತಿದ್ದ ಅದನ್ನು ಯಾರಿಗೋ ಬೇಕಿದೆ ಎಂದಾಗ ಕೊಟ್ಟುಬಿಟ್ಟೆ.

ಗುಂಪಿನಲ್ಲಿ ಮಾತ್ರ ದಿನಾ ಬೆಳಿಗ್ಗೆ ‘ಆಯ್ತು’ ಎಂದು ಬರೆಯುತ್ತಿದ್ದೆ. ನಿದ್ದೆಯಂತೂ ಆಗಿತ್ತಲ್ಲ! ಇಪ್ಪತ್ತೈದು ವರ್ಷ ಸರಕಾರಿ ಫೈಲುಗಳಲ್ಲಿ ಇನ್ನೊಬ್ಬರ ಹೇಳಿಕೆ ತಿದ್ದಿದವನು ನಾನು. ಯಾವ ಪದ ಎಷ್ಟು ಹೇಳುತ್ತದೆ, ಎಷ್ಟು ಮುಚ್ಚುತ್ತದೆ ಎಂದು ಗೊತ್ತಿಲ್ಲದೆ ಬರೆದದ್ದಲ್ಲ.

ಹಾಗಿರುವಾಗ ವಿನಯಾ ಒಂದು ದಿನ ಫೋನ್ ಮಾಡಿದಳು. ಅವಳ ಮಾಸ್ಕಿನಿಂದ ಗಾಳಿ ಸೋರುತ್ತಿತ್ತು. ನೀವು ಯಾವ ಮೆಷಿನ್ ಹಾಕುತ್ತೀರಿ, ಯಾವ ಮಾಸ್ಕ್ ಎಂದು ನೇರವಾಗಿ ಕೇಳಿದಳು. ನೇರವಾಗಿ ಕೇಳಿದವಳಿಗೆ ಸುಳ್ಳು ಹೇಳಲಿಕ್ಕೆ ನಾಚಿಕೆಯಾಯಿತು. ಹೇಳಿಯೇ ಬಿಡುವಾ ಎಂದು ಬಾಯಿ ತೆರೆದೆ.

“ನಾನು ಮೆಷಿನ್ ಮಾರಿದೆ, ವಿನಯಾ.”

“ಮಾರಿಯೋ? ಪುದಿಯದ್ ವಾಂಙಿಯೋ?” ಎಂದಳು. ಸಂತೋಷದಿಂದ.

ನಾನು ಆಡಿದ್ದು ಕನ್ನಡ, ಅವಳು ಕೇಳಿಸಿಕೊಂಡದ್ದು ಮಲಯಾಳ. ಮಲಯಾಳದಲ್ಲಿ ‘ಮಾರಿ’ ಎಂದರೆ ಬದಲಾಯಿತು. ಬದಲಾಯಿತೋ, ಹೊಸತು ಕೊಂಡಿರೋ ಎಂದು ಕೇಳುತ್ತಿದ್ದಾಳೆ. ಎರಡೂ ಭಾಷೆ ಸಣ್ಣಂದಿನಿಂದ ಕೇಳಿ ಬೆಳೆದ ನನಗೆ ಅದು ತಿಳಿಯದೆ ಹೋಗಲು ಸಾಧ್ಯವೇ ಇರಲಿಲ್ಲ. ಅಯ್ಯೋ, ಅದಲ್ಲ, ಮಾರಾಟ ಮಾಡಿದೆ ಎಂದು ನಗಾಡಿಕೊಂಡು ಹೇಳಬಹುದಿತ್ತು. ನಾನು ‘ಹೂಂ’ ಎಂದೆ. ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು — ಎಂದು ಒಳಗೊಳಗೇ ಹಗುರವಾದದ್ದು ಈಗಲೂ ನೆನಪಿದೆ.

ಇಷ್ಟೇ ಆಗಿದ್ದರೆ ನನ್ನ ಸಣ್ಣತನ ನನಗೇ ಇರುತ್ತಿತ್ತು, ಬರೆಯುವಂಥದ್ದಲ್ಲ. ಮುಂದಿನದ್ದು ಹಾಗಲ್ಲ.

ಕೆಲವು ತಿಂಗಳ ನಂತರ ಅವಳ ಮತ್ತೊಂದು ಫೋನು. ದಿನಾ ಮೆಷಿನ್ ಹಾಕಿದರೂ ಹಗಲು ನಿದ್ದೆ ಎಳೆಯುತ್ತದೆ, ಡಾಕ್ಟರ ಹತ್ತಿರ ಮತ್ತೆ ಹೋಗು ಎಂದು ಗಂಡ ಹೇಳುತ್ತಿದ್ದಾರೆ, ಹೋಗಬೇಕಾ ಎಂದು ಕೇಳಿದಳು. ಆಮೇಲೆ, “ಮಧ್ಯಾಹ್ನ ಆದ್ರೆ ಕಣ್ಣು ಮುಚ್ಚುದು, ಏಟ್ಟಾ. ನಿಮ್ಗೂ ಉಂಟಾ?”

ಉಂಟೋ ಎಂದರೆ! ಮೆಷಿನ್ ಇಲ್ಲದ ನನಗೆ ಆಗ ಪುನಃ ಊಟವಾದ ಮೇಲೆ ಫೈಲಿನ ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು.

“ನಂಗೂ ಉಂಟು ಮಾರಾಯ್ತಿ. ಅದೆಲ್ಲ ಇದ್ದದ್ದೇ,” ಎಂದೆ.

ಸತ್ಯವನ್ನೇ ಹೇಳಿದೆ. ಆದರೆ ಅವಳು ಕೇಳಿಸಿಕೊಂಡದ್ದು ಹೊಸ ಮೆಷಿನ್ ಹಾಕಿ ಮಲಗುವ, ಎಲ್ಲ ತಿಳಿದ ಸದಾಶಿವೇಟ್ಟನ ಮಾತನ್ನು. ಅವರಿಗೇ ಹೀಗಾದರೆ ನನಗೆ ಆಗುವುದರಲ್ಲಿ ಏನು ವಿಶೇಷ ಎಂದು ಅವಳು ಲೆಕ್ಕ ಹಾಕಿದಳು. ಯಾರಾದರೂ ಹಾಗೆಯೇ ಹಾಕುತ್ತಿದ್ದರು. ಡಾಕ್ಟರ ಹತ್ತಿರ ಹೋಗಲಿಲ್ಲ.

ಅಪಘಾತವಾದದ್ದು ಮರುವರ್ಷ, ಹಾಡುಹಗಲಿನಲ್ಲಿ. ಮಗಳನ್ನು ಶಾಲೆಯಿಂದ ಕರೆದುಕೊಂಡು ಬರುವಾಗ, ವೈಟ್ಟಿಲ ಜಂಕ್ಷನ್ನಿಗೆ ಸ್ವಲ್ಪ ಮೊದಲು, ಕಾರು ಡಿವೈಡರಿಗೆ ಹೋಗಿ ಬಡಿಯಿತು. ಬ್ರೇಕ್ ಹಾಕಿದ್ದೇ ನೆನಪಿಲ್ಲ ಎಂದಳಂತೆ — ನೆನಪಿರುವುದು ಹೇಗೆ, ಕಣ್ಣು ಮುಚ್ಚಿತ್ತು. ಅವಳಿಗೆ ಹೆಚ್ಚೇನೂ ಆಗಲಿಲ್ಲ. ಮುಂದಿನ ಸೀಟಿನಲ್ಲಿದ್ದ ಮೀನುವಿನ ಬಲ ಮಂಡಿ ಪುಡಿಯಾಯಿತು.

ಕಾಮತರ ಜೊತೆ ಅವರ ಮನೆಗೆ ನೋಡಲು ಹೋದೆ, ಮೀನು ಆಸ್ಪತ್ರೆಯಿಂದ ಬಂದ ಮೇಲೆ. ಹೇಳಬೇಕೆಂದೇ ಹೊರಟಿದ್ದೆ, ರೈಲಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಮೀನು ಕಾಲು ಚಾಚಿಕೊಂಡು ಮೊಬೈಲ್ ನೋಡುತ್ತಿತ್ತು. ನಾನು ಕನ್ನಡದಲ್ಲಿ ನೋವು ಉಂಟಾ ಎಂದು ಕೇಳಿದರೆ ಮಲಯಾಳದಲ್ಲಿ ಇಲ್ಲ ಎಂದಿತು. ಬ್ಯಾಡ್ಮಿಂಟನ್ ಆಡುತ್ತಿದ್ದ ಮಗು, ಇನ್ನು ಆಡುವುದು ಕಷ್ಟ ಎಂದು ಕಾಮತರು ಬರುವಾಗಲೇ ಹೇಳಿದ್ದರು. ವಿನಯಾ ಚಹಾ ತಂದಳು. ಗಂಡ ಮೆಷಿನ್ನನ್ನು ಬೈಯುತ್ತಿದ್ದರು, ಏನೂ ಪ್ರಯೋಜನವಿಲ್ಲದ್ದು ಎಂದು. ಅವಳು ನನ್ನನ್ನು ಸಾಕ್ಷಿಗೆ ಕರೆದಳು — ಸದಾಶಿವೇಟ್ಟನಿಗೆ ಹೊಸ ಮೆಷಿನ್ ಇದ್ದೂ ಮಧ್ಯಾಹ್ನ ನಿದ್ದೆ ಬರುತ್ತದೆ, ಮೆಷಿನ್ನಿನದ್ದಲ್ಲ, ತಪ್ಪು ನನ್ನದೇ, ನಿದ್ದೆ ಬರುವಾಗ ಕಾರು ನಿಲ್ಲಿಸಬೇಕಿತ್ತು ಎಂದಳು. ಗಂಡ ನನ್ನ ಮುಖ ನೋಡಿದರು. ನಾನು ಚಹಾ ಕುಡಿದೆ. ಎರಡನೇ ಲೋಟವನ್ನೂ ಕುಡಿದೆ. ಹೇಡಿ ಎಂದರೆ ನಾನೇ, ಇನ್ನೊಬ್ಬನನ್ನು ಹುಡುಕಬೇಕಾಗಿಲ್ಲ.

ವಾಪಸು ಬಂದು ಮಾಡಿದ ಮೊದಲ ಕೆಲಸ, ನನಗೊಂದು ಮೆಷಿನ್ ಕೊಂಡದ್ದು. ಇದನ್ನೂ ಹೇಳಿಬಿಡುತ್ತೇನೆ — ಆರೋಗ್ಯಕ್ಕೆಂದು ಕೊಂಡದ್ದಲ್ಲ. ಯಾವತ್ತಾದರೂ ಸತ್ಯ ಹೇಳಬೇಕಾಗಿ ಬಂದರೆ, ಈಗ ಹಾಕುತ್ತಿದ್ದೇನೆ ಎಂದು ಸೇರಿಸಿ ಹೇಳಬಹುದು, ಅಷ್ಟು ಕೆಟ್ಟದಾಗಿ ಕಾಣುವುದಿಲ್ಲ ಎಂದು. ಕೆಲವೇ ದಿನಗಳಲ್ಲಿ ಮಧ್ಯಾಹ್ನದ ತೂಕಡಿಕೆ ನಿಂತಿತು. ಆಫೀಸಿನಲ್ಲಿ ಊಟ ಮುಗಿಸಿ ಬಂದು ಕೂತರೆ ಕಣ್ಣು ನಿಚ್ಚಳ. ಯಾವುದನ್ನು ಅವಳಿಗೆ ‘ಇದ್ದದ್ದೇ’ ಎಂದಿದ್ದೆನೋ ಅದು ಇದ್ದದ್ದೇ ಅಲ್ಲ.

ಅಷ್ಟಾದರೂ ಸುಮ್ಮನಿದ್ದೆ. ಮಳೆಗಾಲ ಹೋಯಿತು, ಓಣಂ ಬಂತು. ಆಗ ಗುಂಪಿನಲ್ಲಿ ವಿನಯಾಳ ವಾಯ್ಸ್ ಮೆಸೇಜ್ ಬಂತು — ಮೆಷಿನ್ ಬಿಡುತ್ತಿದ್ದೇನೆ, ಹಾಕಿದರೂ ಹಾಕದಿದ್ದರೂ ಒಂದೇ, ಏಟ್ಟನಿಗೂ ಹಾಗೆಯೇ ಅಲ್ಲವಾ ಎಂದು. ಕಾಮತರು ಬೇಡ ಬೇಡ ಎಂದರು. ಅವಳು ಕೇಳುವ ಹಾಗೆ ಕಾಣಲಿಲ್ಲ. ಇನ್ನೂ ಸುಮ್ಮನಿದ್ದರೆ ಅವಳು ನಿದ್ದೆಯಲ್ಲಿ ಉಸಿರು ಕಟ್ಟಿಕೊಂಡೇ ಉಳಿದ ಬದುಕು ಕಳೆಯುತ್ತಾಳೆ, ಅದೂ ನನ್ನ ಮಾತು ನಂಬಿ. ಅಷ್ಟು ಮಾತ್ರ ಆಗಬಾರದು ಎನ್ನಿಸಿತು.

ಮಾರನೆಯ ದಿನವೇ ಕೊಚ್ಚಿಗೆ ಹೋದೆ. ಒಬ್ಬನೇ. ಈ ಸಲ ಮಲಯಾಳದಲ್ಲಿಯೇ ಹೇಳಿದೆ, ಯಾವ ಪದಕ್ಕೂ ಎರಡು ಅರ್ಥ ಹೊರಡದ ಹಾಗೆ. ಆವತ್ತು ನಾನು ಮೆಷಿನ್ ಬದಲಾಯಿಸಿದ್ದಲ್ಲ, ಇನ್ನೊಬ್ಬರಿಗೆ ಮಾರಿದ್ದು. ನಿನಗೆ ತಪ್ಪಾಗಿ ಕೇಳಿಸಿತೆಂದು ಗೊತ್ತಿತ್ತು. ಮಧ್ಯಾಹ್ನ ನನಗೆ ನಿದ್ದೆ ಬರುತ್ತಿದ್ದದ್ದು ಮೆಷಿನ್ ಇಲ್ಲದೆ. ನಿನ್ನ ಮಾಸ್ಕ್ ಸೋರುತ್ತಿದೆ, ಅಥವಾ ಗಾಳಿಯ ಒತ್ತಡ ಸಾಲುತ್ತಿಲ್ಲ, ಡಾಕ್ಟರು ನೋಡಿದರೆ ಸರಿಯಾಗುತ್ತದೆ. ಮೆಷಿನ್ ಬಿಡಬೇಡ. ಈಗ ನಾನು ಹಾಕುತ್ತಿದ್ದೇನೆ ಎನ್ನುವುದನ್ನು ಹೇಳಲಿಲ್ಲ — ಅಷ್ಟು ಬುದ್ಧಿಯಾದರೂ ಬಂದಿತ್ತು.

ಬೈಯುತ್ತಾಳೆ ಎಂದುಕೊಂಡೆ, ಬೈದರೆ ನನಗೆ ಒಳ್ಳೆಯದಾಗುತ್ತಿತ್ತು. ಅವಳು ತನ್ನ ಆ ಅರೆಬರೆ ಕನ್ನಡದಲ್ಲಿ ಮೆಲ್ಲಗೆ ಕೇಳಿದಳು.

“ಸರಿ ಹಾಕಿದ್ರೆ ಮಧ್ಯಾಹ್ನ ನಿದ್ದೆ ಬರುದೇ ಇಲ್ವಾ?”

“ಬರುದಿಲ್ಲ,” ಎಂದೆ.

ಅವಳು ನನ್ನ ಕಡೆ ನೋಡಲಿಲ್ಲ. ಒಳಗಿನಿಂದ ಮೀನು ಗೋಡೆ ಹಿಡಿದುಕೊಂಡು ನಡೆದು ಬರುತ್ತಿತ್ತು, ಅದನ್ನು ನೋಡುತ್ತಿದ್ದಳು. ನಾನು ಎದ್ದು ಬಂದೆ. ಬಾಗಿಲ ತನಕ ಯಾರೂ ಬರಲಿಲ್ಲ.

ಅದೇ ಸಂಜೆ ಗುಂಪಿನಲ್ಲಿಯೂ ಎಲ್ಲವನ್ನೂ ಬರೆದೆ. ಕಾಮತರು ಒಂದು ಮಾತು ಬೈದರು, ಆದರೆ ಗುಂಪಿನಿಂದ ತೆಗೆಯಲಿಲ್ಲ. ಬೆಳಿಗ್ಗೆ ನಿದ್ದೆ ಆಯ್ತಾ ಎಂದು ಯಾರಾದರೂ ಕೇಳಿದರೆ ಈಗ ನಾನು ಉತ್ತರ ಬರೆಯುವುದಿಲ್ಲ. ವಿನಯಾ ಡಾಕ್ಟರ ಹತ್ತಿರ ಹೋಗಿದ್ದಾಳೆ, ಅದು ಕಾಮತರಿಂದ ತಿಳಿಯಿತು. ನನಗೆ ಫೋನ್ ಮಾಡಿಲ್ಲ, ಮಾಡುವುದೂ ಬೇಡ.

ಕಳೆದ ವಾರ ಅವಳು ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದಳು. ಬಾಯಿಯೂ ಮುಚ್ಚುವ ಹೊಸ ಮಾಸ್ಕ್ ಕೊಟ್ಟಿದ್ದಾರಂತೆ, ಮಗ್ಗುಲಾದಾಗ ಕೆನ್ನೆಯ ಬಳಿ ಗಾಳಿ ಹೋಗುತ್ತದೆ, ಯಾರಿಗಾದರೂ ಹೀಗಾಗಿದೆಯಾ, ಏನು ಮಾಡಬೇಕು ಎಂದು. ‘ಯಾರಿಗಾದರೂ’ ಎಂದಿದ್ದಳು. ಕೆಳಗಿನ ಪಟ್ಟಿಯನ್ನು ಸಡಿಲ ಮಾಡಿ, ಮಲಗಿಕೊಂಡೇ ಸರಿಪಡಿಸಬೇಕು — ನನಗೆ ಗೊತ್ತಿತ್ತು. ಬೆರಳು ಫೋನಿನ ಮೇಲೆಯೇ ಇತ್ತು. ಬರೆಯಲಿಲ್ಲ. ತುಂಬ ಹೊತ್ತಿನ ಮೇಲೆ ಕಾಮತರು ಅದನ್ನೇ ಹೇಳಿದರು, ಅವಳು ಅವರಿಗೆ ಥ್ಯಾಂಕ್ಸ್ ಹೇಳಿದಳು.