ಗಾಜಿನ ಹೊರಮುಖ

ಆ ಮನುಷ್ಯನ ಬಲಗೈ ಮುರಿದವನು ನಾನು. ಕೇಳಿದವರಿಗೆಲ್ಲ ಬಹಳ ಕಾಲ ಬೇರೆಯೇ ಹೇಳಿಕೊಂಡು ಬಂದೆ: ಏಣಿಗೆ ಹೊಡೆಯಲು ಹೋದೆ, ಕೈ ಅಡ್ಡ ಬಂತು ಅಂತ. ಸುಳ್ಳು. ಕೈ ನನಗೆ ಚೆನ್ನಾಗಿ ಕಂಡಿತ್ತು. ಕಂಡ ಮೇಲೂ ಹಾರೆ ಇಳಿಸಿದೆ. ಈ ವಯಸ್ಸಿನಲ್ಲಿ ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ, ಇದ್ದದ್ದು ಇದ್ದಂತೆ ಬರೆಯುತ್ತೇನೆ.

ಹೊಸ ಪೈಸೆ ಬಂದು ನಾಲ್ಕಾರು ವರ್ಷವಾಗಿದ್ದ ಕಾಲ. ಯಶವಂತಪುರದ ರೈಲ್ವೆ ಗೇಟಿನ ಪಕ್ಕದಲ್ಲೊಂದು ಹುಣಸೆ ಮರವಿತ್ತು. ಅದರ ಬೊಡ್ಡೆಗೆ ಬಿದಿರಿನ ಏಣಿಗಳನ್ನು ಒರಗಿಸಿ ನಾವು ನಾಲ್ಕು ಜನ ದಿನಾ ಬೆಳಿಗ್ಗೆ ಕೂರುತ್ತಿದ್ದೆವು. ಕಿಟಕಿಯ ಗಾಜು ಒರೆಸುವುದು ನಮ್ಮ ಕಸುಬು. ಇದೂ ಒಂದು ಕಸುಬೇ ಎಂದು ನಗುವವರು ಆ ಕಾಲದ ಯಶವಂತಪುರವನ್ನು ನೋಡಬೇಕಿತ್ತು. ಕಲ್ಲಿದ್ದಲಿನ ಇಂಜಿನ್ನುಗಳು ಹೊತ್ತುಗೊತ್ತಿಲ್ಲದೆ ಹೊಗೆ ಕಾರುತ್ತಿದ್ದವು. ಸುತ್ತಲಿನ ಕಾರ್ಖಾನೆಗಳ ಗಾಜು ಎರಡೇ ತಿಂಗಳಿಗೆ ರೊಟ್ಟಿ ಹಂಚಿನಂತೆ ಕಪ್ಪಗಾಗುತ್ತಿತ್ತು. ಒಳಗೆ ಹಗಲಲ್ಲೂ ದೀಪ ಹಾಕಬೇಕಾದಾಗ ನಮ್ಮನ್ನು ಕರೆಯುತ್ತಿದ್ದರು. ಅಪರೂಪಕ್ಕೆ ಹೆಬ್ಬಾಳದ ಕಡೆಯ ಬಂಗಲೆಗಳಿಂದಲೂ ಕರೆ ಬರುತ್ತಿತ್ತು. ಸೀಮೆಸುಣ್ಣದ ಪುಡಿಯನ್ನು ನೀರಲ್ಲಿ ಕಲಸಿ ಗಾಜಿಗೆ ಬಳಿಯುವುದು, ಒಣಗಿದ ಮೇಲೆ ಹಳೆಯ ಪಂಚೆಯಿಂದ ಉಜ್ಜುವುದು, ಕೊನೆಗೆ ಹಳೆಯ ಪೇಪರಿನಿಂದ ಹೊಳಪು ಬರಿಸುವುದು. ಇಷ್ಟೇ ವಿದ್ಯೆ. ಯಜಮಾನನಿಲ್ಲ, ಸಂಬಳವಿಲ್ಲ, ಬಿದ್ದರೆ ಎತ್ತುವವರೂ ಇಲ್ಲ.

ನಮಗಿದ್ದ ಆಸ್ತಿಯೆಂದರೆ ದರ. ಒಂದು ಗಾಜಿಗೆ ಆರು ಪೈಸೆ, ಒಳಮುಖ ಹೊರಮುಖ ಎರಡೂ ಸೇರಿ. ಕೆಳಗಿನ ಗಾಜಾದರೂ ಅಷ್ಟೇ, ಸೂರಿನ ಹತ್ತಿರದ್ದಾದರೂ ಅಷ್ಟೇ. ಆರು ಸಿಕ್ಕರೆ ಮನೆಯಲ್ಲಿ ಎರಡು ಹೊತ್ತು ಒಲೆ ಉರಿಯುತ್ತಿತ್ತು. ಒಬ್ಬ ನಾಲ್ಕಕ್ಕೆ ಇಳಿದರೆ ಮಾರನೆಯ ದಿನದಿಂದ ಎಲ್ಲರಿಗೂ ನಾಲ್ಕೇ, ಮತ್ತೆ ಏರಿಸುವ ಮಾತೇ ಇಲ್ಲ. ಅದಕ್ಕೇ ಮರದಡಿ ಒಂದು ಕಟ್ಟಳೆ ಇತ್ತು: ದರ ಮುರಿದವನ ಏಣಿ ಮುರಿಯುವುದು. ಎಲ್ಲರೆದುರಿಗೆ, ಹಗಲಲ್ಲಿ, ಒಂದು ಮೆಟ್ಟಿಲೂ ಉಳಿಯದಂತೆ. ಆದರೆ ಪೆಟ್ಟು ಏಣಿಗೆ ಮಾತ್ರ, ಮೈಗಲ್ಲ.

ಈ 'ಮೈಗಲ್ಲ' ಎಂಬುದು ನನ್ನ ತಲೆಗೆ ಹೋಗುತ್ತಲೇ ಇರಲಿಲ್ಲ. ನಾನು ಚಿಕ್ಕಜಾಲದ ಕಡೆಯವನು. ಬದುವಿನ ಜಗಳದಲ್ಲಿ ಸ್ವಂತ ಅಣ್ಣನ ತಲೆಗೆ ನೊಗದ ಗೂಟದಿಂದ ಬಾರಿಸಿ, ಅವನು ಬದುಕಿದನೋ ಸತ್ತನೋ ನೋಡದೆ ಓಡಿಬಂದವನು. ಬದುಕಿದ, ಅದು ಬೇರೆ ಮಾತು. ಯಶವಂತಪುರದಲ್ಲಿ ನನಗೆ ಅನ್ನ ಹಾಕಿ, ಪಂಚೆಯ ತುಂಡು ಕೈಗೆ ಕೊಟ್ಟು, ಏಣಿ ಹತ್ತುವುದನ್ನು ಕಲಿಸಿದವನೇ ನಾನು ಕೈ ಮುರಿದ ಆ ಮನುಷ್ಯ. ಸಂಬಂಧವಿಲ್ಲದಿದ್ದರೂ ಅವನನ್ನು ಮಾವ ಎನ್ನುತ್ತಿದ್ದೆ, ಅವನ ಹೆಂಡತಿಯನ್ನು ಅತ್ತೆ ಎನ್ನುತ್ತಿದ್ದೆ. ಐವತ್ತೈದು ದಾಟಿದ, ಒಣಕಲು ಮೈಯ ಆಳು. ಅವನ ಏಣಿಗೆ ಹದಿನೆಂಟು ಮೆಟ್ಟಿಲು. ಗೇಟಿನ ಸುತ್ತ ಅಷ್ಟು ಉದ್ದದ ಏಣಿ ಇನ್ನೊಂದಿರಲಿಲ್ಲ.

ಒಮ್ಮೆ ಯಾವನೋ ಹೊಸಬ ಬಂದು ನಾಲ್ಕು ಪೈಸೆಗೆ ಕೆಲಸ ಹಿಡಿದ. ನಾವು ಅವನ ಏಣಿ ಮುರಿದೆವು. ಅವನು ನನ್ನ ಅಂಗಿಗೆ ಕೈ ಹಾಕಿದ, ನಾನು ಅವನ ಮೂಗು ಒಡೆದೆ. ನೆಲಕ್ಕೆ ಕೆಡವಿ ಎದೆಯ ಮೇಲೆ ಕೂತು ಇನ್ನೂ ಗುದ್ದುತ್ತಿದ್ದಾಗ ಮಾವ ನನ್ನ ಕೂದಲು ಹಿಡಿದು ಎಳೆದು ಕಪಾಳಕ್ಕೆ ಬಿಟ್ಟ.

"ಏಣಿಗ್ ಹೊಡಿ ಅಂದ್ರೆ ಮೂತಿಗ್ಯಾಕೋ ಹೊಡ್ದೆ? ಏಣಿ ನಾಳೆ ಕಟ್ಕೋತಾನೆ. ಕಣ್ಣು ಹೋದ್ರೆ ನೀನ್ ತಂದ್ಕೊಡ್ತೀಯಾ?"

ಆ ಹೊಸಬನ ರಕ್ತ ನನ್ನ ಅಂಗಿಯ ಮೇಲಿತ್ತು. ನನಗೆ ನಾಚಿಕೆಯಾಗಲಿಲ್ಲ, ಹೊಟ್ಟೆ ತುಂಬಿದ ಹಾಗಿತ್ತು. ಸುಳ್ಳು ಯಾಕೆ ಹೇಳಲಿ?

ಉಳಿದಿಬ್ಬರು ತಣಿಸಂದ್ರದ ಅಣ್ಣತಮ್ಮಂದಿರು. ಒಂದು ಬೆಳಿಗ್ಗೆ ನಾನು ಮರದ ಹತ್ತಿರ ಹೋಗುವಷ್ಟರಲ್ಲಿ ಇಬ್ಬರೂ ಮುಖ ಊದಿಸಿಕೊಂಡು ನಿಂತಿದ್ದರು. ಹಿಂದಿನ ದಿನ ಮಾವ ಮರದಡಿಗೆ ಬಂದಿರಲಿಲ್ಲ. ಮಳೆಗಾಲದಿಂದ ಅವನ ಮೊಣಕಾಲು ಊದಿಕೊಂಡಿತ್ತು, ನೋವು ಹೆಚ್ಚಿರಬೇಕು ಎಂದುಕೊಂಡಿದ್ದೆ.

"ನಿಮ್ಮಾವ ಡಬ್ಬಿ ಕಾರ್ಖಾನೆ ಕೆಲ್ಸ ಇಡ್ದವ್ನೆ ಕಣೋ" ಎಂದ ದೊಡ್ಡವನು. "ಗಾಜಿಗೆ ಮೂರ್ ಪೈಸೆ. ಗೇಟ್‌ನಾಗಿರೋ ಕಾವಲಿನೋನೇ ಯೋಳ್ದ. ನಿನ್ನೆ ಆಗ್ಲೇ ಶುರು ಮಾಡವ್ನಂತೆ."

"ಇಂಗಾದ್ರೆ ನಾವೇನ್ ಮಣ್ ತಿನ್ನಾನಾ?" ಎಂದ ಚಿಕ್ಕವನು.

ತಗಡಿನ ಡಬ್ಬಿ ಮಾಡುವ ಆ ಕಾರ್ಖಾನೆಗೆ ಇನ್ನೂರಕ್ಕೂ ಮಿಕ್ಕಿ ಗಾಜುಗಳಿದ್ದವು. ಅದರ ಕೆಲಸ ಸಿಗಲೆಂದು ತಿಂಗಳಿಂದ ಬಾಯಿ ಬಿಟ್ಟುಕೊಂಡು ಕಾದಿದ್ದೆವು. ನನ್ನ ಹೆಂಡತಿ ಚೊಚ್ಚಲ ಬಾಣಂತಿ. ಮೂರು ಪೈಸೆ! ನಾಲ್ಕೂ ಅಲ್ಲ, ಮೂರು. ದರ ಕಲಿಸಿದವನೇ ದರವನ್ನು ಅರ್ಧಕ್ಕೆ ಕಡಿದಿದ್ದ. ಪಿತ್ತ ನೆತ್ತಿಗೇರಿತು. ಹಳಿ ರಿಪೇರಿಯವರು ಗೇಟಿನ ಬಳಿ ಬಿಟ್ಟುಹೋಗಿದ್ದ ಹಾರೆ ನನ್ನ ಕೈಗೆ ಹೇಗೆ ಬಂತೋ ತಿಳಿಯದು.

ಅಷ್ಟರಲ್ಲಿ ಮಾವ ಬಂದ. ಉದ್ದದ ಏಣಿಯನ್ನು ಹೆಗಲ ಮೇಲೆ ಹೊತ್ತು, ಎಡಗಾಲು ಎಳೆಯುತ್ತ, ನನ್ನನ್ನು ಕಂಡು ದೂರದಿಂದಲೇ ಹಲ್ಲುಬಿಟ್ಟ. "ಬೇಗ ಬಂದ್ಯಾ ಮಗಾ? ಒಳ್ಳೇದಾಯ್ತು, ಬಾ ಇಲ್ಲಿ" ಎಂದು ಏಣಿ ಇಳಿಸಿದ.

"ಡಬ್ಬಿ ಕಾರ್ಖಾನೆಲಿ ಮೂರ್ ಪೈಸೆಗ್ ಒಪ್ಕೊಂಡ್ಯಾ, ಇಲ್ವಾ?"

"ಹೂಂ ಕಣೋ, ಅದ್ನೇ ಹೇಳಾಣ ಅಂತ..."

'ಹೂಂ' ಎಂದದ್ದಷ್ಟೇ ನನಗೆ ಕೇಳಿದ್ದು. ಅವನ ಎದೆಗೆ ಒದ್ದೆ. ಹಿಂದಕ್ಕೆ ಬಿದ್ದ. ನೆಲದ ಮೇಲಿದ್ದ ಏಣಿಗೆ ಹಾರೆಯಿಂದ ಹೊಡೆದೆ. ಒಂದು, ಎರಡು, ಮೂರು ಮೆಟ್ಟಿಲು ಚೂರಾದವು. ಸಿಬಿರು ಹಾರಿ ನನ್ನದೇ ಹಣೆಗೆ ಚುಚ್ಚಿಕೊಂಡು ರಕ್ತ ಕಣ್ಣಿಗಿಳಿಯಿತು. ಅಣ್ಣತಮ್ಮಂದಿರು ಇನ್ನೊಂದು ತುದಿಯ ಮೇಲೆ ಕಲ್ಲು ಎತ್ತಿ ಹಾಕುತ್ತಿದ್ದರು. ಮಾವ ತೆವಳಿಕೊಂಡು ಬಂದು ನಡುವಿನ ಒಂದು ಮೆಟ್ಟಿಲನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. "ಕೇಳೋ, ಒಂದ್ ನಿಮಿಷ ಕೇಳೋ" ಎನ್ನುತ್ತಿದ್ದ. ಹಾರೆ ಮೇಲೆತ್ತಿದ್ದೆ. ಕೈ ಕಂಡಿತು. ಉಗುರಿನ ಸಂದಿಯ ಸೀಮೆಸುಣ್ಣವೂ ಕಂಡಿತು. ಪಕ್ಕದ ಮೆಟ್ಟಿಲಿಗೆ ಹೊಡೆಯಬಹುದಿತ್ತು. ಹೊಡೆಯಲಿಲ್ಲ.

ಹಸಿ ಬಿದಿರು ಸೀಳಿದಂಥ ಸದ್ದಾಯಿತು. ಮಾವ ಕಿರುಚಲಿಲ್ಲ. ಮಣಿಕಟ್ಟಿನಿಂದ ಕೆಳಕ್ಕೆ ಕೈ ಅಡ್ಡಾದಿಡ್ಡಿ ತಿರುಗಿಕೊಂಡಿತ್ತು, ಒಂದು ಕಡೆ ಬಿಳಿ ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು. ಅವನು ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದ. ಆಮೇಲೆ ನನ್ನ ಮುಖ ನೋಡಿದ.

"ಒಂದ್ ಮಾತ್ ಕೇಳ್ಬೇಕಿತ್ತು ಕಣೋ" ಎಂದ. ಅಷ್ಟು ಹೇಳಿ ಪಕ್ಕಕ್ಕೆ ವಾಲಿದ.

ಅಣ್ಣತಮ್ಮಂದಿರು ಬಿಳುಚಿಕೊಂಡು ಹಿಂದೆ ಸರಿದರು. ರೈಲ್ವೆ ಗೇಟಿನವನು ಓಡಿಬಂದು ಒಂದು ಜಟಕಾ ನಿಲ್ಲಿಸಿ ಮಾವನನ್ನು ಮಲಗಿಸಿಕೊಂಡು ಹೋದ. ನಾನು ಹತ್ತಿರವೂ ಹೋಗಲಿಲ್ಲ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ರಕ್ತದ ಹಣೆಯಲ್ಲೇ ನೇರವಾಗಿ ಡಬ್ಬಿ ಕಾರ್ಖಾನೆಗೆ ಹೊರಟೆ. ಆರು ಪೈಸೆ ಕೊಟ್ಟರೆ ಕೊಡಿ, ಇಲ್ಲವಾದರೆ ನಿಮ್ಮ ಗಾಜಿಗೆ ಒರೆಸುವ ಬಟ್ಟೆಯಲ್ಲ ಕಲ್ಲು ಬೀಳುತ್ತದೆ ಎಂದು ಹೇಳಿಬರುವುದಿತ್ತು.

ಒಳಗೆ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ನನ್ನನ್ನು ಕಂಡು, ನಾನು ಬಾಯಿ ತೆರೆಯುವ ಮೊದಲೇ, "ಬಂದ್ಯಾ? ನಿನ್ನೇ ಕಾಯ್ತಿದ್ದೆ. ಹಣೆಗೇನಾಯ್ತು?" ಎಂದ.

"ನನ್ನ ಯಾಕ್ ಕಾಯ್ತೀರಾ?"

"ಹೊರಗಡೇದು ನಿಂದಲ್ವಾ? ಅಯ್ಯ, ನಿಮ್ ಹಿರಿಯಾಳು ಹೇಳ್ಲಿಲ್ವಾ? ನಿನ್ನೆ ಬಂದು, ಮೊಣಕಾಲು ಏಣಿ ಹತ್ತೋಕ್ ಬಿಡಲ್ಲ, ಒಳಮುಖ ಕೆಳಗೂ ಮಹಡೀಲೂ ಮೇಜಿನ ಮೇಲೆ ನಿಂತು ನಾನ್ ಒರೆಸ್ತೀನಿ, ನಂಗ್ ಮೂರು ಕೊಡಿ. ಹೊರಮುಖಕ್ಕೆ ನಮ್ ಹುಡುಗ ಬರ್ತಾನೆ, ಅವ್ನಿಗ್ ಮೂರು ಕೊಡಿ. ಆರಕ್ಕಿಂತ ಒಂದ್ ಪೈಸೆ ಇಳಿಯಲ್ಲ ಅಂತ ಕೂತ. ನಾನೂ ಅರ್ಧ ದಿನ ಚೌಕಾಸಿ ಮಾಡ್ದೆ, ಜಗ್ಗಲಿಲ್ಲ. ನಾಳೆ ನನ್ ಉದ್ದದ ಏಣಿ ಅವ್ನಿಗೆ ಕೊಟ್ ಕಳಿಸ್ತೀನಿ ಅಂದಿದ್ದ. ಎಲ್ಲಪ್ಪ ಏಣಿ?"

ನಾನು ಅವನನ್ನು ತಳ್ಳಿಕೊಂಡೇ ಒಳಗೆ ಹೋದೆ. ಮೇಜಿನ ಪಕ್ಕದ ಸಾಲಿನ ಗಾಜಿಗೆ ಬೆರಳು ಇಟ್ಟು ಎಳೆದೆ. ಕಿರ್ ಎಂದಿತು. ಒಳಮುಖದಲ್ಲಿ ಒಂದು ಗೀರಿಲ್ಲ, ಮೂಲೆಯಲ್ಲಿ ಒಂದು ಚುಕ್ಕೆ ಸುಣ್ಣವಿಲ್ಲ. ಅದು ಮಾವನದೇ ಕೈ ಕೆಲಸ. ಆದರೂ ಗಾಜು ಕಪ್ಪಗೇ ಇತ್ತು, ಮಸಿಯೆಲ್ಲ ಆಚೆ ಮುಖದಲ್ಲಿತ್ತು. ಒಂದೇ ಮುಖಕ್ಕೆ ದರ ಹೇಳುವುದು ನಮ್ಮಲ್ಲಿ ಅದುವರೆಗೆ ಯಾರೂ ಮಾಡದ ಕೆಲಸ. ಹಾಗಾಗಿ ಮೂರು ಎಂದ ಕೂಡಲೇ ನಮಗೆ ಕಂಡದ್ದು ಕದ್ದ ದರ. ಹೀಗೆ ನಾನು ನನಗೆ ಸಮಾಧಾನ ಹೇಳಿಕೊಂಡಿದ್ದುಂಟು. ಆದರೆ ಅವತ್ತು ಆ ಗಾಜಿನ ಮುಂದೆ ನಿಂತಾಗ ಯಾವ ಸಮಾಧಾನವೂ ಹೊಳೆಯಲಿಲ್ಲ.

ಸಂಜೆ ಮಾವನ ಮನೆಗೆ ಹೋದಾಗ ಆಸ್ಪತ್ರೆಯಲ್ಲಿ ಗಾಯಕ್ಕೆ ಹೊಲಿಗೆ ಹಾಕಿಸಿಕೊಂಡು ಬಂದಿದ್ದರು. ಕೈ ಕತ್ತರಿಸಬೇಕಾಗಬಹುದು ಎಂದರಂತೆ, ಅತ್ತೆ ಒಪ್ಪದೆ ಮೂಳೆ ಕಟ್ಟುವವನನ್ನು ಕರೆಸಿದ್ದಳು. ಅವನಿಗೆ ದಬ್ಬೆ ಬೇಕಿತ್ತು. ಗೇಟಿನವನು ಏಣಿಯ ಚೂರುಗಳನ್ನು ತಂದು ಬಾಗಿಲಲ್ಲಿ ಹಾಕಿದ್ದ. ಅದೇ ಬಿದಿರನ್ನು ಸೀಳಿ ಮಾವನ ಕೈಗೆ ಕಟ್ಟುತ್ತಿದ್ದರು. ಬಟ್ಟೆ ಬಿಗಿದಾಗೆಲ್ಲ ಮಾವ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ.

ಅತ್ತೆ ನನ್ನನ್ನು ನೋಡಿದಳು. ಎದ್ದಳು. ಬಾಗಿಲಲ್ಲಿ ಬಿದ್ದಿದ್ದ ಒಂದು ಮೆಟ್ಟಿಲನ್ನು ಎತ್ತಿಕೊಂಡು ನನ್ನ ಹೆಗಲಿಗೆ, ಬೆನ್ನಿಗೆ, ತಲೆಗೆ ಬಡಿದಳು. ಮಾತಿಲ್ಲ, ಬೈಗುಳವಿಲ್ಲ, ಬರೀ ಏಟು. ನಾನು ಬಲಗೈಯನ್ನು ಮುಂದಕ್ಕೆ ಚಾಚಿದೆ, ಮುರಿಯಲಿ ಎಂದು. ಅದನ್ನು ಮಾತ್ರ ಮುಟ್ಟಲಿಲ್ಲ. ಸುಸ್ತಾಗಿ ಹೊಸ್ತಿಲ ಮೇಲೆ ಕುಸಿದು ಕೂತಳು.

"ಆ ಕೈ ಇರ್ಲಿ" ಎಂದಳು ಏದುಸಿರು ಬಿಡುತ್ತ. "ಹೋಗು, ಹೊರಮುಖ ಒರ್ಸು. ನೀನ್ ಒರೆಸ್ದಿದ್ರೆ ಇವ್ರು ಒರೆಸಿದ್ದು ಯಾರ್ಗೂ ಕಾಣಲ್ಲ."



ಉದ್ದದ ಏಣಿ ಇಲ್ಲದ್ದರಿಂದ ನನ್ನ ಗಿಡ್ಡ ಏಣಿಗೆ ತಣಿಸಂದ್ರದವರ ಒಂದು ಏಣಿಯನ್ನು ಹಗ್ಗದಿಂದ ಬಿಗಿದೆ. ಅಣ್ಣತಮ್ಮಂದಿರು ಕೇಳಿದ ಕೂಡಲೇ ಕೊಟ್ಟರು. ಒಳಮುಖದಲ್ಲಿ ಉಳಿದಿದ್ದನ್ನೂ ಅವರೇ ಒರೆಸಿದರು, ಆ ದುಡ್ಡು ಅತ್ತೆಯ ಕೈಗೆ ಹೋಯಿತು. ಹೊರಗೆ ಮಾತ್ರ ಬೆಸೆದ ಏಣಿ ಹತ್ತಿದಾಗೆಲ್ಲ ನಡುಗುತ್ತಿತ್ತು. ಎರಡು ಸಲ ಹಗ್ಗ ಸಡಿಲಾಗಿ ಜಾರಿದೆ, ಎರಡನೆಯ ಸಲ ಒಡೆದ ಗಾಜು ಮೊಣಕೈ ಸೀಳಿತು. ಬುಡ ಹಿಡಿಯಲು ಒಬ್ಬರಿಲ್ಲದೆ ಆಗುವ ಕೆಲಸವಾಗಿರಲಿಲ್ಲ.

ಮಾವನ ಕೈ ಉಳಿಯಿತು, ಆದರೆ ಸೊಟ್ಟಗೆ ಕೂಡಿಕೊಂಡಿತು. ಬೆರಳು ಮಡಚಲು ಬರುತ್ತಿರಲಿಲ್ಲ. ಒರೆಸುವ ಬಟ್ಟೆಯನ್ನು ಅವನು ಮತ್ತೆ ಹಿಡಿಯಲೇ ಇಲ್ಲ. ಕಟ್ಟು ಬಿಚ್ಚುವ ಹೊತ್ತಿಗೆ ಗಾಜು ಮತ್ತೆ ಕಪ್ಪಗಾಗಿ ಕಾರ್ಖಾನೆಯವರು ನಮ್ಮನ್ನು ಕರೆದಿದ್ದರು. ಬಿಚ್ಚಿದ ಮಾರನೆಯ ದಿನ ಮಾವ ಅಲ್ಲಿಗೆ ಬಂದು ಹೊರಗೆ ನಿಂತ. ನನ್ನ ಜೊತೆ ಮಾತಾಡದೆ ಏಣಿಯ ಬುಡಕ್ಕೆ ಒಂದು ಕಾಲು ಕೊಟ್ಟು ಎಡಗೈಯಲ್ಲಿ ಹಿಡಿದುಕೊಂಡ. ಅವತ್ತಿನಿಂದ ಗಾಜಿಗೆ ಆರರಲ್ಲಿ ಮೂರು ಹತ್ತುವವನಿಗೆ, ಮೂರು ಹಿಡಿಯುವವನಿಗೆ ಎಂದು ನಾನೇ ಮರದಡಿ ಹೇಳಿದೆ. "ಸುಮ್ನೆ ನಿಂತ್ಕೊಳ್ಳಾಕ್ ಮೂರ್ ಪೈಸೆನಾ?" ಎಂದ ತಣಿಸಂದ್ರದ ಚಿಕ್ಕವನ ಕೊರಳಪಟ್ಟಿ ಹಿಡಿದೆ. ಕೈ ಎತ್ತಿದವನು ಯಾಕೋ ಇಳಿಸಿಬಿಟ್ಟೆ.

ಆದರೆ ಮೇಲೆ ಹತ್ತಿದಾಗ ನನಗೆ ಆಗುತ್ತಿದ್ದ ಭಯವನ್ನು ಯಾರಿಗೂ ಹೇಳಿರಲಿಲ್ಲ. ಇಪ್ಪತ್ತಡಿ ಎತ್ತರ. ಕೆಳಗೆ ಕಬ್ಬಿಣದ ಚೂರುಗಳ ರಾಶಿ. ಕೈ ಮುರಿಸಿಕೊಂಡವನು ಏಣಿಯ ಬುಡ ಹಿಡಿದಿದ್ದಾನೆ. ಕಾಲಿನಿಂದ ಒಂದು ಸಲ ಒದ್ದರೆ ಸಾಕು, ಜಾರಿ ಬಿದ್ದ ಎಂದು ಊರೆಲ್ಲ ನಂಬುತ್ತದೆ. ಅವನ ಜಾಗದಲ್ಲಿ ನಾನಿದ್ದರೆ ಒದೆಯುತ್ತಿದ್ದೆ. ಅದು ಗೊತ್ತಿದ್ದರಿಂದಲೇ ಏಣಿ ಒಂದಿಷ್ಟು ಅಲುಗಿದರೂ ಚೌಕಟ್ಟಿಗೆ ಅಂಟಿಕೊಂಡು ಕೆಳಗೆ ನೋಡುತ್ತಿದ್ದೆ.

ಒಂದು ದಿನ ಹಾಗೆ ನೋಡಿದಾಗ ಮಾವನೂ ಮೇಲೆ ನೋಡುತ್ತಿದ್ದ. ತಿಂಗಳುಗಳ ಮೇಲೆ ಮೊದಲ ಸಲ ನನ್ನೊಡನೆ ಮಾತಾಡಿದ.

"ಗಾಜ್ ನೋಡ್ಕೊಂಡ್ ಒರ್ಸೋ. ನನ್ ಯಾಕ್ ನೋಡ್ತೀಯಾ?" ಎಂದ. "ಬೀಳಿಸ್ಬೇಕು ಅನ್ನಿಸ್ದಾಗ ಕೇಳ್ಬಿಟ್ಟೇ ಬೀಳಿಸ್ತೀನಿ. ನಿನ್ ಥರ ಅಲ್ಲ ನಾನು."

ಒಂಬತ್ತು ವರ್ಷ ಅವನು ನನ್ನ ಏಣಿ ಹಿಡಿದ. ಕೇಳಲೇ ಇಲ್ಲ.