ತವರಿನಿಂದ ಬಂದ ನೋವು

ಮೈನೆರೆದಾಗಿನಿಂದ ನನಗೆ ತಿಂಗಳ ಹೊಟ್ಟೆನೋವು ವಿಪರೀತ. ಅತ್ತಾಗಲೆಲ್ಲ ಅವ್ವ ಬಿಸಿನೀರಿನ ಚೀಲ ತಂದಿಟ್ಟು, "ಹೆಣ್ಮಕ್ಕಳಿಗೆ ಇದ್ದದ್ದವ್ವಾ, ನನಗೂ ಹಿಂಗ ಆಗ್ತಿತ್ತು" ಎನ್ನುತ್ತಿದ್ದಳು. ಕೊಟ್ಟೂರಿನ ಶಾಲೆಯಲ್ಲಿ ಟೀಚರಾದ ಮೇಲೂ ಆ ದಿನಗಳಲ್ಲಿ ಮಾತ್ರೆ ನುಂಗಿಯೇ ಪಾಠ ಮಾಡುತ್ತಿದ್ದೆ.

ಮದುವೆಯಾಗಿ ಕೆಲವು ವರ್ಷವಾದರೂ ಮಕ್ಕಳಾಗದಿದ್ದಾಗ ಅವ್ವನ ಜೊತೆ ದಾವಣಗೆರೆಯ ವೈದ್ಯೆಯೊಬ್ಬರ ಬಳಿ ಹೋದೆ. ಸ್ಕ್ಯಾನ್ ನೋಡಿದ ಅವರು ಎಂಡೊಮೆಟ್ರಿಯೋಸಿಸ್ ಎಂದರು. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಹೊರಗೂ ಬೆಳೆದು ಅಂಡಾಶಯಕ್ಕೆ ಅಂಟಿಕೊಂಡಿತ್ತು.

"ತಾಯಿ ಕಡೆ ಯಾರಿಗಾದ್ರೂ ಇಂಥ ನೋವಿತ್ತಾ?"

ಅವ್ವ ತಡವರಿಸಿದಳು. "ನನಗಿತ್ತು. ನಮ್ಮಕ್ಕಗಂತೂ ಭಾಳ ಇತ್ತು. ಎಲ್ಲಾರಿಗೂ ಹಂಗ ಇರ್ತೈತಿ ಅಂದ್ಕಂಡಿದ್ವಿ ನೋಡ್ರಿ."

ಎಲ್ಲರಿಗೂ ಅಷ್ಟು ನೋವಿರುವುದಿಲ್ಲ ಎಂದರು ವೈದ್ಯೆ. ಇದು ಒಂದೇ ವಂಶವಾಹಿಯ ಕೆಲಸವಲ್ಲ, ಹಲವು ಸೇರುತ್ತವೆ. ತಾಯಿಗೋ ಅಕ್ಕತಂಗಿಗೋ ಇದ್ದರೆ ಬರುವ ಸಾಧ್ಯತೆ ಹೆಚ್ಚು, ಬಂದೇ ಬರುತ್ತದೆಂದೇನಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ನನ್ನಿಂದ ಬಂತಲ್ಲ ನಿನಗ."

"ನೀ ಬೇಕಂತ ಕೊಟ್ಟಿಯೇನು?" ಎಂದು ಅವಳ ತಲೆಯನ್ನು ಹೆಗಲಿಗೆ ಎಳೆದುಕೊಂಡೆ.

ಮುಂದಿನ ಭಾನುವಾರ ಉಜ್ಜಿನಿಗೆ, ದೊಡ್ಡಮ್ಮನ ಮನೆಗೆ ಹೋದೆವು. ಅವಳಿಗೆ ಮಕ್ಕಳಿಲ್ಲ. ತಿಂಗಳಿಗೊಮ್ಮೆ ಮಲಗಿಬಿಡುವ ಮೈಗಳ್ಳಿ ಎಂದು ಅತ್ತೆಮನೆಯಲ್ಲಿ ಹೆಸರಾಗಿದ್ದವಳು. ವೈದ್ಯೆ ಹೇಳಿದ್ದನ್ನೆಲ್ಲ ಕೇಳಿ ಗೋಡೆಗೊರಗಿ ಕೂತಳು.

"ಹಂಗಾರ ನಾ ಸೋಗು ಹಾಕ್ತಿರಲಿಲ್ಲ ಅಲ್ಲೇನು?"

ಶೇಂಗಾ ಸುಲಿಯುತ್ತಿದ್ದ ದೊಡ್ಡಪ್ಪ ತಲೆಯೆತ್ತಿದ. "ನನಗೇನು ಗೊತ್ತಿರಲಿಲ್ಲನು?"

ಆಗಲೇ ನಮಗೆ ತಿಳಿದದ್ದು. ಮೈಗಳ್ಳಿ ಎಂಬ ಹೆಸರು ಬಂದ ಮೇಲೆ, ಅವಳ ಆ ದಿನಗಳಲ್ಲಿ ದೊಡ್ಡಪ್ಪ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ತನಗೇ ಜ್ವರ ಎಂದು ಮಲಗುತ್ತಿದ್ದನಂತೆ. ಗಂಡನ ಆರೈಕೆಗೆಂದು ಅತ್ತೆ ಸೊಸೆಯನ್ನು ಮನೆಯಲ್ಲೇ ಬಿಟ್ಟು ಹೊಲಕ್ಕೆ ಹೋಗುತ್ತಿದ್ದಳು. ಅವಳು ಹೊರಟ ಕೂಡಲೇ ಇವನೆದ್ದು, ಹೆಂಡತಿಯನ್ನು ಕಂಬಳಿಯ ಮೇಲೆ ಮಲಗಿಸಿ, ಮರಳು ಕಾಯಿಸಿ ಬಟ್ಟೆಯಲ್ಲಿ ಕಟ್ಟಿ ಹೊಟ್ಟೆಗೆ ಶಾಖ ಕೊಡುತ್ತಿದ್ದ.

"ನಮ್ಮವ್ವ ಸಾಯೋ ತನಕ ನನ್ನ ರೋಗಿಷ್ಟ ಅಂತಲೇ ತಿಳಿದಿದ್ಲು" ಎಂದು ನಕ್ಕ. ದೊಡ್ಡಮ್ಮ ನಗಲಿಲ್ಲ, ಅವನ ತೋಳಿನ ಮೇಲಿದ್ದ ಶೇಂಗಾ ಹೊಟ್ಟನ್ನು ಮೆಲ್ಲಗೆ ಒರೆಸಿದಳು.

ನನಗೆ ಶಸ್ತ್ರಚಿಕಿತ್ಸೆಯಾಯಿತು. ನೋವು ಪೂರ್ತಿ ಹೋಗಿಲ್ಲ, ತಡೆಯುವಷ್ಟಿದೆ. ಮಗುವಿಗಾಗಿ ಇನ್ನೂ ಕಾಯುತ್ತಿದ್ದೇವೆ.

ಮೊನ್ನೆ ಹರಪನಹಳ್ಳಿಯಲ್ಲಿರುವ ನನ್ನ ಅಕ್ಕನ ಮಗಳಿಗೂ ನೋವು ಶುರುವಾಯಿತು. ಅವ್ವನೇ ಅವಳನ್ನು ವೈದ್ಯೆಯ ಬಳಿ ಕರೆದೊಯ್ದು ಹೇಳಿದಳು: "ನಮ್ಮ ಮನೆತನದಾಗ ಐತ್ರಿ ಇದು. ಈಗಿನಿಂದಲೇ ನೋಡ್ರಿ."