ಇನ್ಸುಲಿನ್ ಪೆಟ್ಟಿಗೆಗಳು ಹೋದ ದಾರಿ

2008ರ ಬೇಸಿಗೆ. ನಾನಾಗ ನೋಯ್ಡಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಸಪೋರ್ಟ್ ವಿಭಾಗದ ಮುಖ್ಯಸ್ಥೆ. ನಾವು ತಯಾರಿಸುತ್ತಿದ್ದುದು ಇಂಟಿಗ್ರೇಷನ್ ಸಾಫ್ಟ್‌ವೇರ್. ಒಂದು ಸಂಸ್ಥೆಯ ಕಂಪ್ಯೂಟರ್ ಕಳಿಸಿದ ಮಾಹಿತಿಯನ್ನು ಇನ್ನೊಂದಕ್ಕೆ ಅರ್ಥವಾಗುವಂತೆ ತಲುಪಿಸುವ ದಲ್ಲಾಳಿ ಕೆಲಸ ಅದು. ಮಾಹಿತಿ ಎಕ್ಸ್‌ಎಂಎಲ್ ರೂಪದಲ್ಲಿ, ಒಂದೊಂದು ವಿವರಕ್ಕೂ ಹೆಸರಿನ ಚೀಟಿ ಅಂಟಿಸಿಕೊಂಡು ಬರುತ್ತಿತ್ತು. ಬೇಕಾದ ಚೀಟಿಯನ್ನು ಹುಡುಕಿ ತರುವ ಪ್ರಶ್ನೆಗೆ ಎಕ್ಸ್‌ಪಾತ್ ಎನ್ನುತ್ತಾರೆ.

ಪ್ರೋಗ್ರಾಮಿಂಗ್ ಬಾರದವರೂ ಬರೆಯಬಹುದಾದ ನಿಯಮಗಳ ಸರಳ ಭಾಷೆಯೊಂದು ನಮ್ಮಲ್ಲಿತ್ತು. 'ಹೀಗಿದ್ದರೆ ಅಲ್ಲಿಗೆ ಕಳಿಸು, ಇಲ್ಲದಿದ್ದರೆ ಇಲ್ಲಿಗೆ', ಅಷ್ಟೇ. ಆ ಭಾಷೆಯೊಳಗೇ ಎಕ್ಸ್‌ಪಾತ್ ಪ್ರಶ್ನೆಯನ್ನೂ ಹುದುಗಿಸುವಂತೆ ಮಾಡಿದವನು ಮೈಸೂರಿನ ರಾಘವೇಂದ್ರ. ಇಡೀ ಆಫೀಸಿಗೆ ಕನ್ನಡದವರು ನಾವಿಬ್ಬರೇ. ಮೀಟಿಂಗಿನಲ್ಲಿ ಮೇಡಂ, ಕ್ಯಾಂಟೀನಿನಲ್ಲಿ ಅಕ್ಕಾ ಎನ್ನುತ್ತಿದ್ದ.

ನಮ್ಮ ಗ್ರಾಹಕರಲ್ಲಿ ಘಾಜಿಯಾಬಾದಿನ ಒಂದು ಔಷಧಿ ಗೋದಾಮೂ ಇತ್ತು. ಬರುವ ಸರಕಿನ ವಿವರದಲ್ಲಿ 'ಶೀತಲ' ಎಂದಿದ್ದರೆ ಕೋಲ್ಡ್ ರೂಮ್, ಇಲ್ಲದಿದ್ದರೆ ಸಾಮಾನ್ಯ ಶೆಡ್ ಎಂದು ಗೋದಾಮಿನ ಸ್ಕ್ರೀನಿನಲ್ಲಿ ಬರುವಂತೆ ಅವರೇ ನಿಯಮ ಬರೆದುಕೊಂಡಿದ್ದರು. ಜೂನ್ ತಿಂಗಳ ಒಂದು ಬೆಳಿಗ್ಗೆ ಅಲ್ಲಿಂದ ಫೋನ್ ಬಂತು. ಹಿಂದಿನ ದಿನ ಬಂದ ಇನ್ಸುಲಿನ್ ಪೆಟ್ಟಿಗೆಗಳು ತಗಡಿನ ಶೆಡ್ಡಿನಲ್ಲಿ ಬೇಯುತ್ತಾ ಕೂತಿದ್ದವಂತೆ. ಪುಣ್ಯಕ್ಕೆ ಒಂದೂ ಹೊರಗೆ ಹೋಗಿರಲಿಲ್ಲ. ಶಿಫ್ಟ್ ಇನ್‌ಚಾರ್ಜ್ ತ್ಯಾಗಿ ಎಂಬಾತ ಸ್ಕ್ರೀನ್ ನೋಡದೆ ಇಳಿಸಿದ್ದಾನೆ, ಸಂಜೆಯೊಳಗೆ ಕೆಲಸದಿಂದ ತೆಗೆಯುತ್ತೇವೆ ಎಂದರು ಮ್ಯಾನೇಜರ್. ತ್ಯಾಗಿ ಮಾತ್ರ, ಸ್ಕ್ರೀನ್ ತೋರಿಸಿದ್ದೇ ಶೆಡ್ ಎನ್ನುತ್ತಿದ್ದನಂತೆ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ರಾಘು ಹಳೆಯ ಟೆಸ್ಟ್ ಮೆಸೇಜ್ ಓಡಿಸಿದ, ಸರಿಯಾಗಿ ಕೋಲ್ಡ್ ರೂಮಿಗೇ ಹೋಯಿತು. ಮತ್ತೆ ಓಡಿಸಿದ, ಮತ್ತೆ ಸರಿ. ಅವನ ಕುರ್ಚಿಯ ಹಿಂದೆ ನಾನು ಅತ್ತಿಂದಿತ್ತ ಓಡಾಡುತ್ತಲೇ ಇದ್ದೆ.

"ಅಕ್ಕಾ, ಸ್ವಲ್ಪ ಕೂತ್ಕೊಳ್ಳಿ. ನೀವು ಹೀಗೆ ಸುತ್ತಿದರೆ ನನಗೆ ತಲೆ ತಿರುಗತ್ತೆ."

"ಅಲ್ಲಿ ಒಬ್ಬನ ಹೊಟ್ಟೆಪಾಡು ಹೋಗ್ತಿದೆ ಕಣೋ. ಟೆಸ್ಟ್ ಮೆಸೇಜ್ ಬಿಡು, ನಿನ್ನೆ ಅವರಿಗೆ ಬಂದಿದ್ದನ್ನೇ ತರಿಸು."

ತರಿಸಿ ಓಡಿಸಿದ. ಶೆಡ್! ಆ ಪೂರೈಕೆದಾರರು ತಮ್ಮ ಕಂಪ್ಯೂಟರ್ ಬದಲಿಸಿದ್ದರು, ಹಾಗಾಗಿ ಎಲ್ಲ ಚೀಟಿಗಳಿಗೂ ನೇಮ್‌ಸ್ಪೇಸ್ ಎಂಬ ಮನೆತನದ ಹೆಸರು ಸೇರಿಕೊಂಡಿತ್ತು. ಎಕ್ಸ್‌ಪಾತ್ ಈ ವಿಷಯದಲ್ಲಿ ಮಹಾ ಮಡಿವಂತ. ಮನೆತನ ಹೇಳದೆ ಕೇಳಿದರೆ, ಎದುರಿಗೇ ಇದ್ದರೂ ಅಂಥವರಿಲ್ಲ ಎಂದುಬಿಡುತ್ತದೆ. ಹೀಗೆ ಬಂದ ಖಾಲಿ ಉತ್ತರವನ್ನು ನಮ್ಮ ಸರಳ ಭಾಷೆ 'ಶೀತಲ ಅಲ್ಲ' ಎಂದು ತೆಗೆದುಕೊಂಡಿತ್ತು. ಯಾವ ಎಚ್ಚರಿಕೆಯೂ ಇಲ್ಲ, ಯಾಕೆಂದರೆ ಏನೇ ಆದರೂ ಮೆಸೇಜ್ ನಿಲ್ಲಬಾರದು ಎಂಬುದು ನಮ್ಮವರ ಹಟ. ನಿಂತರೆ ಗ್ರಾಹಕರು ಬೈಯುತ್ತಾರಲ್ಲ!

ಸೇಲ್ಸ್ ಮುಖ್ಯಸ್ಥ ಮಲ್ಹೋತ್ರಾಗೆ ಹೇಳಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ. "ಅಚ್ಛಾ, ವಕೀಲರು ನೋಡಲಿ. ನಾಳೆ ರಿಪೋರ್ಟ್ ಕಳಿಸೋಣ," ಎಂದರು. ನಾಳೆಯ ಹೊತ್ತಿಗೆ ತ್ಯಾಗಿ ಕೆಲಸ ಕಳೆದುಕೊಂಡು ಮನೆಯಲ್ಲಿರುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ರಾಘುವಿಗೆ ಲ್ಯಾಪ್‌ಟಾಪ್ ಹಿಡಿಸಿ, ಅವನೊಂದಿಗೆ ಟ್ಯಾಕ್ಸಿ ಹತ್ತಿ ಹೊರಟೇಬಿಟ್ಟೆ. ಮೋಹನ್ ನಗರದ ಹತ್ತಿರ ಟ್ರಾಫಿಕ್ ಜಾಮ್. ಮುಂದೆ ಲಾರಿ, ಪಕ್ಕದಲ್ಲಿ ಬಸ್ಸು. "ಭಯ್ಯಾ, ಬೇರೆ ದಾರಿ ಇಲ್ವಾ?" ಎಂದು ಎಷ್ಟು ಸಲ ಹಿಂದಿಯಲ್ಲಿ ಕೇಳಿದೆನೋ, ಕೊನೆಗೆ ಡ್ರೈವರ್ ಕನ್ನಡಿಯಲ್ಲಿ ನನ್ನನ್ನೇ ದುರುಗುಟ್ಟಿ ನೋಡಿದ.

ನಾವು ತಲುಪಿದಾಗ ತ್ಯಾಗಿ ಮ್ಯಾನೇಜರರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಐವತ್ತರ ಆಸುಪಾಸಿನ ಆಳು. ಬಾಗಿಲು ತೆರೆದಿಟ್ಟೇ, ಹಿಂದಿನ ದಿನದ ಮೆಸೇಜನ್ನು ಮ್ಯಾನೇಜರರ ಎದುರು ರಾಘು ಮತ್ತೆ ಓಡಿಸಿ ತೋರಿಸಿದ. ಸ್ಕ್ರೀನಿನ ಮೇಲೆ ಶೆಡ್ ಎಂದು ಬಂತು.

"ಅಂದರೆ ತಪ್ಪು ಯಾರದು?" ಎಂದರು ಮ್ಯಾನೇಜರ್.

ರಾಘು ನನ್ನ ಮುಖ ನೋಡಿದ. "ನಮ್ಮ ಸಾಫ್ಟ್‌ವೇರಿನದು. ಇವರದಲ್ಲ," ಎಂದೆ.

ಮ್ಯಾನೇಜರ್ ಅಲ್ಲೇ ತ್ಯಾಗಿಯನ್ನು ಒಳಗೆ ಕರೆದು, ನಾಳೆಯಿಂದ ಎಂದಿನಂತೆ ಕೆಲಸಕ್ಕೆ ಬಾ ಎಂದರು. ಮಲ್ಹೋತ್ರಾ ತಿಂಗಳುಗಟ್ಟಲೆ ನನ್ನ ಜೊತೆ ಮಾತು ಬಿಟ್ಟರು. ರಾಘು ಆ ವಾರವೇ ಸರಳ ಭಾಷೆಯನ್ನು ತಿದ್ದಿದ. ಎಕ್ಸ್‌ಪಾತ್ ಬರಿಗೈಯಲ್ಲಿ ಬಂದರೆ ಸರಕು ಎಲ್ಲಿಗೂ ಹೋಗದೆ, ಯಾರಾದರೂ ಬಂದು ನೋಡುವವರೆಗೆ ಕಾಯುವಂತಾಯಿತು. ಅದು ತಂತ್ರಜ್ಞಾನದ ಪಾಠ, ಯಾವ ಪುಸ್ತಕದಲ್ಲಾದರೂ ಸಿಕ್ಕೀತು.

ಕೆಲಸ ಕಲಿಸಿದ ಪಾಠ ಬೇರೆ. ಅಂದು ಗೇಟಿನ ಹತ್ತಿರ ತ್ಯಾಗಿ ನಮ್ಮನ್ನು ತಡೆದ. ಧನ್ಯವಾದ ಹೇಳುತ್ತಾನೆಂದುಕೊಂಡು ನಾನು ಆಗಲೇ ಮುಖ ಅರಳಿಸಿದ್ದೆ.

"ಮೇಡಂಜೀ," ಎಂದ ಹಿಂದಿಯಲ್ಲಿ, ರಾಘುವಿನ ಕೈಯಲ್ಲಿದ್ದ ಲ್ಯಾಪ್‌ಟಾಪ್ ನೋಡುತ್ತಾ, "ಬೆಳಿಗ್ಗೆಯಿಂದ ನಾನೂ ಇದನ್ನೇ ಹೇಳ್ತಿದ್ದೆ. ಹದಿನೆಂಟು ವರ್ಷದಿಂದ ಇಲ್ಲಿದ್ದೀನಿ. ನಿಮ್ಮ ಡಬ್ಬಿ ಹೇಳಿದ ಮೇಲೆ ನಂಬಿದರು."

ಆಮೇಲೆ ನಿವೃತ್ತಿಯಾಗುವವರೆಗೂ, ಎಲ್ಲೇ ದೂರು ಬಂದರೂ ಲ್ಯಾಪ್‌ಟಾಪ್ ತೆರೆಯುವ ಮುಂಚೆ ಕೇಳುತ್ತಿದ್ದೆ: ಆ ಹೊತ್ತಿನಲ್ಲಿ ಡ್ಯೂಟಿಯಲ್ಲಿ ಇದ್ದವರು ಯಾರು, ಅವರು ಏನು ಹೇಳುತ್ತಾರೆ?